ಗ್ರೀಸ್ ಬೇಡದ ಗೇಟು

ನಿವೃತ್ತಿಗೆ ಮೂರು ವರ್ಷ ಉಳಿದಿದ್ದಾಗ ನಾನು ಅಫಜಲಪುರ ತಾಲ್ಲೂಕಿನ ಒಂದು ಸಕ್ಕರೆ ಕಾರ್ಖಾನೆಯ ನಿರ್ವಹಣಾ ವಿಭಾಗದಲ್ಲಿ ಮುಖ್ಯ ಎಂಜಿನಿಯರ್ ಆಗಿದ್ದೆ. ಕಬ್ಬು ಅರೆಯುವ ಹಂಗಾಮು ಶುರುವಾಯಿತೆಂದರೆ ನಾಲ್ಕೈದು ತಿಂಗಳು ಯಂತ್ರಗಳು ನಿಲ್ಲುವಂತಿಲ್ಲ. ಯಾವುದಾದರೂ ನಿಂತರೆ ಎಲ್ಲರೂ ಮೊದಲು ಹುಡುಕುವುದು ನನ್ನನ್ನೇ. ಕಾರ್ಖಾನೆಯ ಹೆಸರು ಹೇಳುವುದಿಲ್ಲ, ಜನರ ಹೆಸರುಗಳನ್ನು ಬದಲಿಸಿದ್ದೇನೆ. ಉಳಿದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಕಬ್ಬಿನ ರಸದ ಕೊಳೆ ತೆಗೆಯಲು ಸುಣ್ಣದ ಹಾಲು ಬೇಕು. ಅದನ್ನು ತಯಾರಿಸುವ ಜಾಗಕ್ಕೆ ಕಾಗದದ ಮೇಲೆ ಲೈಮ್ ಸ್ಟೇಷನ್ ಎಂದು ಹೆಸರು. ಕಾರ್ಮಿಕರ ಬಾಯಲ್ಲಿ ಅದು ಸುಣ್ಣದ ಮನೆ. ಮೇಲೆ ಹಾಪರ್ ಎಂಬ ದೊಡ್ಡ ಕಬ್ಬಿಣದ ತೊಟ್ಟಿ, ಅದರ ತುಂಬ ಸುಟ್ಟ ಸುಣ್ಣದ ಕಲ್ಲು. ಕೆಳಗೆ ಸ್ಲೇಕರ್ ಎಂಬ ತಿರುಗುವ ಡ್ರಮ್ಮು, ಅದರ ತುಂಬ ಬಿಸಿನೀರು. ಮನೆಗೆ ಬಳಿಯಲು ಕೊಡದಲ್ಲಿ ಸುಣ್ಣ ನೆನೆಹಾಕಿದವರಿಗೆ ಗೊತ್ತು, ಕಲ್ಲು ನೀರಿಗೆ ಬಿದ್ದ ಕೂಡಲೇ ಒಲೆಯೇ ಬೇಡ ಎನ್ನುವಂತೆ ತಾನಾಗಿ ಕುದಿಯುತ್ತದೆ. ಆದ್ದರಿಂದ ಕಲ್ಲನ್ನು ಸ್ವಲ್ಪ ಸ್ವಲ್ಪವೇ ಬಿಡಬೇಕು. ಹಾಗೆ ಬಿಡುವುದಕ್ಕೆ ಹಾಪರಿನ ತಳದಲ್ಲಿ ಒಂದು ಜಾರುವ ಗೇಟು ಇತ್ತು. ಒಂದು ಉಕ್ಕಿನ ಹಲಗೆ, ಅದು ಓಡಾಡಲು ಎರಡು ದುಂಡನೆಯ ಉಕ್ಕಿನ ಸರಳು, ಹಲಗೆಯನ್ನು ಹಿಂದೆ ಮುಂದೆ ತಳ್ಳಲು ಗಾಳಿಯ ಒತ್ತಡದಿಂದ ಓಡುವ ಒಂದು ಸಿಲಿಂಡರ್.

ಹಲಗೆ ಸರಳಿನ ಮೇಲೆ ಓಡಾಡುವ ಜಾಗದಲ್ಲಿ ಲೀನಿಯರ್ ಬೇರಿಂಗ್ ಇರುತ್ತದೆ. ನಮ್ಮಲ್ಲಿದ್ದವು ಗುಂಡುಗಳಿದ್ದ ಬೇರಿಂಗ್‌ಗಳು. ಸುಣ್ಣದ ಧೂಳು ಒಳಗೆ ಹೋಗಿ ಗ್ರೀಸಿನ ಜೊತೆ ಕಲೆತು ಗಾರೆಯಂತೆ ಗಟ್ಟಿಯಾಗುತ್ತಿತ್ತು. ಒಂದು ಹಂಗಾಮಿನಲ್ಲಿ ನಾಲ್ಕು ಸಲ ಬದಲಿಸಿದ್ದೂ ಉಂಟು. ಆ ವರ್ಷ ಹಂಗಾಮಿಗೆ ಮುಂಚೆ ನಾನು ಅವನ್ನೆಲ್ಲ ತೆಗೆಸಿ ಸೆಲ್ಫ್ ಲೂಬ್ರಿಕೇಟಿಂಗ್ ಪ್ಲೇನ್ ಬೇರಿಂಗ್ ಹಾಕಿಸಿದೆ. ಅದರಲ್ಲಿ ಗುಂಡುಗಳಿಲ್ಲ. ಗಟ್ಟಿ ಪ್ಲಾಸ್ಟಿಕ್ಕಿನ ಒಂದು ಬಳೆ ಅಷ್ಟೆ. ಜಾರಿಕೆಯ ಪುಡಿ ಆ ಪ್ಲಾಸ್ಟಿಕ್ಕಿನಲ್ಲೇ ಬೆರೆತಿರುತ್ತದೆ. ಅದಕ್ಕೆ ಎಣ್ಣೆ ಬೇಡ, ಗ್ರೀಸ್ ಬೇಡ. ಧೂಳು, ಹಬೆ, ನೀರು ಇರುವ ಕಡೆಗೆ ಅದೇ ಸರಿಯಾದ ವಸ್ತು. ಇಂದಿಗೂ ಹಾಗೆಯೇ ಹೇಳುತ್ತೇನೆ.

ಅದೇ ಹೊತ್ತಿನಲ್ಲಿ ಇನ್ನೊಂದು ಬದಲಾವಣೆಯನ್ನೂ ಮಾಡಿದೆ. ಸ್ಲೇಕರಿನ ಹಬೆ ನೇರವಾಗಿ ಹೊಡೆದು ಸಿಲಿಂಡರಿನ ರಬ್ಬರ್ ಸೀಲುಗಳು ಹಾಳಾಗುತ್ತಿದ್ದವು. ಸಿಲಿಂಡರನ್ನು ಇದ್ದ ಜಾಗದಿಂದ 120 ಮಿಲಿಮೀಟರ್ ಪಕ್ಕಕ್ಕೆ ಸರಿಸಿ, ಉದ್ದನೆಯ ತೋಳು ಕೊಟ್ಟು ಹಲಗೆಗೆ ಜೋಡಿಸಿದೆ. ನಕ್ಷೆ ನನ್ನದು, ಸಹಿ ನನ್ನದು. ಗೇಟಿನ ಮೇಲೆ ಕೆಂಪು ಬಣ್ಣದಲ್ಲಿ ‘ನೋ ಗ್ರೀಸ್’ ಎಂದು ಇಂಗ್ಲಿಷಿನಲ್ಲಿ ಬರೆಸಿದೆ.

ಸುಣ್ಣದ ಮನೆಯ ಆಯಿಲ್‌ಮನ್ ಸಿದ್ರಾಮಪ್ಪ. ಅತನೂರಿನವನು, ಐವತ್ತೆರಡು ವಯಸ್ಸು, ಕಾರ್ಖಾನೆ ಶುರುವಾದ ವರ್ಷದಿಂದ ಅಲ್ಲಿದ್ದವನು. ಯಂತ್ರಗಳಿಗೆ ಎಣ್ಣೆ ಗ್ರೀಸ್ ಹಾಕುವುದು ಅವನ ಕೆಲಸ. ಯಂತ್ರದ ಸದ್ದು ಬದಲಾದರೆ ನನಗಿಂತ ಮೊದಲು ಅವನಿಗೆ ಗೊತ್ತಾಗುತ್ತಿತ್ತು. ಸ್ಲೇಕರ್ ನೋಡಿಕೊಳ್ಳುವ ಆಪರೇಟರ್ ಅಣವೀರಪ್ಪ ಅವನ ಅಳಿಯ, ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದವನು. ಸಿದ್ರಾಮಪ್ಪನ ಒಬ್ಬಳೇ ಮಗಳು ನೀಲಮ್ಮನನ್ನು ಮದುವೆಯಾಗಿದ್ದ. ಅಳಿಯನನ್ನು ನನ್ನ ಹತ್ತಿರ ಕರೆದುಕೊಂಡು ಬಂದು ಕೆಲಸ ಕೇಳಿದವನೂ ಸಿದ್ರಾಮಪ್ಪನೇ.

ಮೊದಲ ಎರಡು ತಿಂಗಳು ಗೇಟು ಚೆನ್ನಾಗಿ ಓಡಿತು. ಜನವರಿಯ ಒಂದು ಬೆಳಿಗ್ಗೆ ನಾನು ಬಾಯ್ಲರಿನ ಕಡೆ ಅವಸರದಲ್ಲಿ ಹೋಗುತ್ತಿದ್ದಾಗ ಸಿದ್ರಾಮಪ್ಪ ಅಡ್ಡ ಬಂದ.

“ಸಾಹೇಬ್ರ, ಆ ಸುಣ್ಣದ ಗೇಟ ಜಗ್ಗಿ ಜಗ್ಗಿ ಓಡಾಕತ್ತದ್ರಿ. ನಡಬರಕ ನಿಲ್ತದ, ಆಮ್ಯಾಲ ಒಮ್ಮೆಲೇ ಜಿಗೀತದ. ಒಂಚೂರು ಬಂದು ನೋಡ್ರಿ.”

“ಗಾಳಿ ಪ್ರೆಷರ್ ಕಮ್ಮಿ ಆಗಿರ್ಬೇಕು. ಫಿಟರ್‌ಗೆ ಹೇಳ್ತೀನಿ,” ಎಂದೆ.

“ಪ್ರೆಷರ್ ಬರಾಬರ್ ಅದರಿ. ನಾ ನೋಡೇನಿ.”

“ಆಯ್ತು, ನೋಡೋಣ,” ಎಂದು ಮುಂದೆ ಹೋದೆ. ಫಿಟರನಿಗೂ ಹೇಳಲಿಲ್ಲ, ನಾನೂ ಹೋಗಲಿಲ್ಲ. ಆ ವಾರ ಬಾಯ್ಲರ್ ನನ್ನ ತಲೆ ತಿನ್ನುತ್ತಿತ್ತು ಎನ್ನುವುದು ಕಾರಣವಾಗಿ ಹೇಳಬಹುದಾದ ಮಾತು. ಆದರೆ ಸುಣ್ಣದ ಮನೆ ನಾನು ನಿಂತ ಜಾಗದಿಂದ ಇನ್ನೂರು ಹೆಜ್ಜೆಯೂ ಇರಲಿಲ್ಲ.

ನಾನು ಬರಲಿಲ್ಲವಾದ್ದರಿಂದ ಸಿದ್ರಾಮಪ್ಪ ತನಗೆ ತಿಳಿದದ್ದನ್ನು ಮಾಡಿದ. ಸರಳುಗಳಿಗೆ ಗ್ರೀಸ್ ಹಚ್ಚಿದ. ಒಂದು ದಿನ ಗೇಟು ಬೆಣ್ಣೆಯ ಹಾಗೆ ಓಡಿತಂತೆ. ಮರುದಿನದಿಂದ ಸುಣ್ಣದ ಧೂಳು ಅದಕ್ಕೆ ಮೆತ್ತಿಕೊಳ್ಳತೊಡಗಿತು.

ಅದಾದ ಎಂಟನೆಯ ದಿನ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಗೇಟು ಅರ್ಧಕ್ಕೆ ಸಿಕ್ಕಿಕೊಂಡಿತು. ಕಲ್ಲು ಸಾಕಷ್ಟು ಬೀಳುತ್ತಿಲ್ಲ, ಸುಣ್ಣದ ಹಾಲು ತೆಳುವಾಗುತ್ತಿದೆ. ಏನಾಯಿತೆಂದು ನೋಡಲು ಅಣವೀರಪ್ಪ ಸ್ಲೇಕರಿನ ಪಕ್ಕದ ಕಿಂಡಿ ತೆಗೆದು ಬಗ್ಗಿದ. ಹಬೆಗೆ ಸುರಕ್ಷತಾ ಕನ್ನಡಕ ಮಂಜಾಗಿ ಏನೂ ಕಾಣದೆ ಅದನ್ನು ಹಣೆಯ ಮೇಲೆ ಏರಿಸಿಕೊಂಡ. ಆ ಕ್ಷಣಕ್ಕೆ ಸರಿಯಾಗಿ ಗೇಟು ಸಡಿಲಗೊಂಡು ಒಮ್ಮೆಲೇ ಪೂರ್ತಿ ತೆರೆಯಿತು. ಹಾಪರಿನ ಕಲ್ಲೆಲ್ಲ ಬಿಸಿನೀರಿಗೆ ಸುರಿಯಿತು. ಡ್ರಮ್ಮು ಉಕ್ಕಿ, ಕುದಿಯುವ ಸುಣ್ಣದ ಹಾಲು ಆ ಕಿಂಡಿಯಿಂದ ಅವನ ಮುಖಕ್ಕೆ ಚಿಮ್ಮಿತು.

ನಾನು ಓಡಿಹೋದಾಗ ಸಿದ್ರಾಮಪ್ಪ ಅಳಿಯನನ್ನು ನಳದ ಕೆಳಗೆ ಒತ್ತಿ ಹಿಡಿದಿದ್ದ. ಅಣವೀರಪ್ಪ ಒದೆಯುತ್ತಿದ್ದ, ಕೂಗುತ್ತಿದ್ದ, ಬಿಡು ಎಂದು ಮಾವನನ್ನು ಪರಚುತ್ತಿದ್ದ. ಸಿದ್ರಾಮಪ್ಪ ಬಿಡಲಿಲ್ಲ. ಬೆರಳಿನಿಂದ ರೆಪ್ಪೆ ಬಿಡಿಸಿ ಕಣ್ಣಿಗೆ ನೀರು ಬೀಳಿಸುತ್ತಿದ್ದ. ಅವನ ಎರಡೂ ಅಂಗೈ ಬೆಂದು ಚರ್ಮ ಬಿಳಿಯಾಗಿತ್ತು. ಆಂಬುಲೆನ್ಸ್ ಬರುವವರೆಗೆ, ಇಪ್ಪತ್ತು ನಿಮಿಷ, ಅವನು ಒಂದೇ ಮಾತು ಹೇಳುತ್ತಿದ್ದ. “ತಡಕೋ ಯಪ್ಪಾ, ಇನ್ನೊಂದೀಟ ತಡಕೋ.”

ಕಲಬುರಗಿಯಿಂದ ಅಣವೀರಪ್ಪನನ್ನು ಸೊಲ್ಲಾಪುರಕ್ಕೆ ಕಳಿಸಿದರು. ಎಡಗಣ್ಣು ಹೋಯಿತು. ಬಲಗಣ್ಣಿಗೆ ಬೆಳಕು ಕತ್ತಲೆಯ ಅಂದಾಜು ಮಾತ್ರ ಉಳಿಯಿತು. ನೀರು ಹಿಡಿಯದಿದ್ದರೆ ಅದೂ ಉಳಿಯುತ್ತಿರಲಿಲ್ಲ ಎಂದು ವೈದ್ಯರು ಹೇಳಿದರು. ಅವನಿಗೆ ಆಗ ಇಪ್ಪತ್ತೊಂಬತ್ತು ವರ್ಷ.

ಮೂರು ದಿನದಲ್ಲಿ ತನಿಖಾ ವರದಿ ಬೇಕೆಂದು ಜನರಲ್ ಮ್ಯಾನೇಜರ್ ಹೇಳಿದರು. ತನಿಖಾ ಸಮಿತಿಗೆ ಮುಖ್ಯಸ್ಥ ನಾನೇ. ಗೇಟು ಬಿಚ್ಚಿಸಿದೆವು. ಸರಳುಗಳ ಮೇಲೆ ಗ್ರೀಸ್ ಮತ್ತು ಸುಣ್ಣ ಕಲೆತು ಉಳಿಯಿಂದ ಕೆತ್ತಿದರೂ ಏಳದಂಥ ಗಟ್ಟಿ ಪದರ. ಫೋಟೋ ತೆಗೆಸಿದೆವು. ಕಾರಣ ಕಣ್ಣೆದುರಿಗೇ ಇತ್ತು. ಕೈಗಳಿಗೆ ಬ್ಯಾಂಡೇಜ್ ಸುತ್ತಿಕೊಂಡಿದ್ದ ಸಿದ್ರಾಮಪ್ಪನನ್ನು ಕರೆಸಿದೆವು.

“ಈ ಗೇಟಿಗೆ ಗ್ರೀಸ್ ಹಚ್ಚಿದವರು ಯಾರು?” ಎಂದು ಕೇಳಿದೆ.

“ನಾನಾ ಹಚ್ಚೇನ್ರಿ, ಸಾಹೇಬ್ರ.”

“ಹಚ್ಚಬಾರದು ಅಂತ ಬರೆದಿತ್ತಲ್ಲ?”

“ನನಗ ಇಂಗ್ಲಿಷ್ ಬರಂಗಿಲ್ರಿ. ಯಾರೂ ಹೇಳಿಲ್ಲ.”

ಅಷ್ಟು ಹೇಳಿ ನನ್ನ ಮುಖ ನೋಡಿದ. ಸಮಿತಿಯ ಉಳಿದಿಬ್ಬರಿಗೆ ಆ ನೋಟದ ಅರ್ಥ ಆಗಿರಲಿಕ್ಕಿಲ್ಲ. ನಾನು ನಿಮಗೆ ಹೇಳಿದ್ದೆನಲ್ಲ, ಈಗ ನೀವು ಹೇಳಿ ಎಂದು ಅವನು ಕಾಯುತ್ತಿದ್ದ. ನಾನು ಕಾಗದದ ಕಡೆ ನೋಡಿದೆ. ಅವನೂ ಮುಂದೆ ಮಾತಾಡಲಿಲ್ಲ. ಹೆಬ್ಬೆರಳಿನಿಂದ ಪೆನ್ನು ಒತ್ತಲಾಗದೆ ತೋರುಬೆರಳು ಮಧ್ಯದ ಬೆರಳಿನ ನಡುವೆ ಸಿಕ್ಕಿಸಿಕೊಂಡು ಸಹಿ ಮಾಡಿದ.

‘ಸ್ಪಷ್ಟ ಸೂಚನೆ ಇದ್ದಾಗ್ಯೂ ಆಯಿಲ್‌ಮನ್ ಗ್ರೀಸ್ ಬಳಸಿದ್ದೇ ಅವಘಡಕ್ಕೆ ಕಾರಣ’ ಎಂದು ವರದಿ ಬರೆದೆ. ಸಿದ್ರಾಮಪ್ಪನನ್ನು ಕೆಲಸದಿಂದ ತೆಗೆದರು. ವರದಿಯ ಒಂದು ಪ್ರತಿ ಕಿಣ್ಣಿ ಸುಲ್ತಾನಕ್ಕೂ, ಅಣವೀರಪ್ಪನ ಮನೆಗೆ, ಹೋಯಿತು. ನೀಲಮ್ಮ ಹತ್ತನೇ ಇಯತ್ತೆ ಓದಿದ ಹೆಣ್ಣುಮಗಳು. ಅದನ್ನು ಅವಳೇ ಗಂಡನಿಗೆ ಓದಿ ಹೇಳಿದಳಂತೆ.

ಮುಂದಿನ ಹಂಗಾಮಿಗೆ ಅದೇ ನಕ್ಷೆಯ ಪ್ರಕಾರ ಹೊಸ ಗೇಟು ಮಾಡಿಸಿದೆ. ಅದೇ ಬಗೆಯ ಬೇರಿಂಗ್, ಹೊಸ ಸರಳು. ಈ ಸಲ ಮೇಲೆ ಬೀಗ ಹಾಕುವ ತಗಡಿನ ಮುಚ್ಚಳ. ಬೀಗದ ಕೈ ನನ್ನ ಮೇಜಿನಲ್ಲಿ. ಗ್ರೀಸ್ ಹತ್ತಿರ ಸುಳಿಯುವಂತಿರಲಿಲ್ಲ. ಕಿಂಡಿ ಬಂದ್ ಮಾಡಿಸಿ ಗಾಜು ಕೂಡಿಸಿದೆ. ಫೆಬ್ರುವರಿಯಲ್ಲಿ ಹೊಸ ಆಪರೇಟರ್ ಬಂದು, “ಸರ್, ಗೇಟ್ ಜಿಗೀತದ,” ಎಂದ. ಈ ಸಲ ಎದ್ದು ಹೋದೆ.

ಮುಚ್ಚಳ ತೆಗೆದು ನೋಡಿದೆ. ಸರಳುಗಳು ಒಣಗಿದ್ದವು, ಗ್ರೀಸಿನ ಒಂದು ಚುಕ್ಕೆಯೂ ಇಲ್ಲ. ಗೇಟು ಮಾತ್ರ ಅರ್ಧಕ್ಕೆ ನಿಂತಿತ್ತು. ಹಾಪರ್ ಖಾಲಿ ಮಾಡಿಸಿ, ಗಾಳಿ ಬಂದ್ ಮಾಡಿ, ಸಿಲಿಂಡರ್ ಕಳಚಿದೆ. ಸರಳಿನ ಹತ್ತಿರ ಕೈಯಿಟ್ಟು ಹಲಗೆಯನ್ನು ತಳ್ಳಿದೆ. ಎರಡು ಬೆರಳಿಗೆ ಸರಿಯಿತು. ಸಿಲಿಂಡರ್ ಜೋಡಿಸುವ ತೋಳಿನ ತುದಿ ಹಿಡಿದು ತಳ್ಳಿದೆ. ಕದಲಲಿಲ್ಲ. ಭುಜ ಕೊಟ್ಟು ತಳ್ಳಿದೆ. ಎಷ್ಟು ಜೋರು ತಳ್ಳಿದರೆ ಅಷ್ಟು ಗಟ್ಟಿಯಾಗಿ ಕಚ್ಚಿಕೊಳ್ಳುತ್ತಿತ್ತು.

ಓದುಗರು ಇದನ್ನು ಮನೆಯಲ್ಲೇ ನೋಡಬಹುದು. ಹಳೆಯ ಮೇಜಿನ ಅಗಲವಾದ ಖಾನೆಯನ್ನು ನಡುವೆ ಹಿಡಿದು ಎಳೆದರೆ ಸಲೀಸಾಗಿ ಬರುತ್ತದೆ, ಒಂದು ಮೂಲೆ ಹಿಡಿದು ಎಳೆದರೆ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಗುಂಡಿಲ್ಲದ ಬೇರಿಂಗ್‌ಗಳಿಗೆ ಇದಕ್ಕಾಗಿಯೇ ಒಂದು ನಿಯಮ ಇದೆ. ಒಂದೇ ಸರಳಿನ ಮೇಲಿನ ಎರಡು ಬೇರಿಂಗ್‌ಗಳ ನಡುವೆ ಎಷ್ಟು ಅಂತರವಿದೆಯೋ ಸರಳಿನಿಂದ ಅದರ ಎರಡು ಪಟ್ಟಿಗಿಂತ ದೂರದಲ್ಲಿ ತಳ್ಳಬಾರದು. ನಮ್ಮ ಗೇಟಿನಲ್ಲಿ ಬೇರಿಂಗ್‌ಗಳ ಅಂತರ 120 ಮಿಲಿಮೀಟರ್. ಎಂದರೆ 240ರ ಒಳಗೆ ಇರಬೇಕು. ಹಳೆಯ ಸಿಲಿಂಡರ್ 210ರಲ್ಲಿತ್ತು. ಸೀಲು ಉಳಿಸಲು ನಾನು ಅದನ್ನು 330ಕ್ಕೆ ಸರಿಸಿದ್ದೆ. ಸರಳು ಹೊಸದಾಗಿ ನುಣುಪಾಗಿರುವಷ್ಟು ದಿನ ಹೇಗೋ ಓಡುತ್ತದೆ. ಧೂಳು, ತೇವಕ್ಕೆ ಸ್ವಲ್ಪ ಒರಟಾಯಿತೋ, ಕಚ್ಚಲು ಶುರು. ಬೇರಿಂಗ್ ಕಂಪನಿಯ ಪುಸ್ತಕದಲ್ಲಿ ಈ ನಿಯಮ ಚಿತ್ರಸಮೇತ ಇತ್ತು. ನಾನು ಬೇರಿಂಗಿನ ಅಳತೆಯ ಪುಟ ನೋಡಿ ಪುಸ್ತಕ ಮುಚ್ಚಿದ್ದೆ.

ಗ್ರೀಸ್ ಹಚ್ಚಿದ್ದು ಸರಿ ಎಂದು ನಾನು ಹೇಳುತ್ತಿಲ್ಲ. ಅದು ಕೆಟ್ಟದ್ದನ್ನು ಇನ್ನಷ್ಟು ಕೆಡಿಸಿತು. ಆದರೆ ಗೇಟು ಜಿಗಿಯಲು ಶುರುವಾದದ್ದು ಗ್ರೀಸಿಗೆ ಮೊದಲು. ಅದನ್ನು ಸಿದ್ರಾಮಪ್ಪ ನನಗೆ ಬಾಯಿ ಬಿಟ್ಟು ಹೇಳಿದ್ದ.

ಗೊತ್ತಾದ ದಿನವೇ ನಾನು ಎದ್ದು ನಿಂತು ತಪ್ಪೊಪ್ಪಿಕೊಂಡೆ ಎಂದು ಬರೆಯಲು ಆಸೆಯೇನೋ ಇದೆ. ನಡೆದದ್ದು ಬೇರೆ. ಸಿಲಿಂಡರನ್ನು ಮತ್ತೆ ಹಳೆಯ ಜಾಗಕ್ಕೆ ತರಿಸಿ, ಹಬೆಗೆ ಒಂದು ತಗಡು ಅಡ್ಡ ಕೊಟ್ಟು, ಲಾಗ್ ಪುಸ್ತಕದಲ್ಲಿ ‘ಸಣ್ಣ ಬದಲಾವಣೆ’ ಎಂದು ಬರೆದೆ. ಗೇಟು ಸರಿಹೋಯಿತು. ಹತ್ತೊಂಬತ್ತು ದಿನ ಸುಮ್ಮನಿದ್ದೆ. ಊಟ ಮಾಡಿದೆ, ಕೆಲಸಕ್ಕೆ ಹೋದೆ. ಇಪ್ಪತ್ತನೆಯ ದಿನ ಫಿಟರುಗಳು ಮಾತಾಡಿಕೊಳ್ಳುವುದು ಕಿವಿಗೆ ಬಿತ್ತು. ಸಿದ್ರಾಮಪ್ಪನ ಹೆಂಡತಿ ತೀರಿಕೊಂಡಳಂತೆ, ಮಣ್ಣಿಗೆ ಮಗಳೂ ಬರಲಿಲ್ಲವಂತೆ, ಅವನು ಅತನೂರು ಬಿಟ್ಟು ಜೇವರ್ಗಿಗೆ ಹೋದನಂತೆ. ಆ ಸಾವಾಗಿ ಆಗಲೇ ನಾಲ್ಕು ತಿಂಗಳಾಗಿತ್ತು. ಅಂದು ಮಧ್ಯಾಹ್ನ ಕುಳಿತು ಎರಡು ಪುಟ ಬರೆದು ಜನರಲ್ ಮ್ಯಾನೇಜರ್ ಮುಂದೆ ಇಟ್ಟೆ.

ಅವರು ಓದಿ, “ಹಿರೇಮಠ ಅವರೇ, ಆ ಫೈಲ್ ಬಂದ್ ಆಗೇದ. ಈಗ ತೆಗದ್ರ ಆ ಹುಡುಗನ ಕಣ್ಣ ಬರ್ತಾವೇನು?” ಎಂದರು.

“ಬರೋದಿಲ್ಲ. ಆದರೆ ಅದರಲ್ಲಿ ಬರೆದ ಹೆಸರು ತಪ್ಪು,” ಎಂದೆ.

ಅವರು ಕಾಗದವನ್ನು ನನ್ನ ಕಡೆಗೇ ಸರಿಸಿದರು. ನಾನು ಒಂದು ಪ್ರತಿಯನ್ನು ಸರ್ಕಾರದ ಕಾರ್ಖಾನೆ ನಿರೀಕ್ಷಕರ ಕಚೇರಿಗೆ ಕಳಿಸಿ, ಇನ್ನೊಂದನ್ನು ಜೇಬಿನಲ್ಲಿಟ್ಟುಕೊಂಡು ಜೇವರ್ಗಿಗೆ ಹೋದೆ.

ಅಲ್ಲಿ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನ ಅಂಗಳದಲ್ಲಿ ಸಿದ್ರಾಮಪ್ಪ ಕಸ ಗುಡಿಸುತ್ತಿದ್ದ. ಗಡ್ಡ ಬಿಟ್ಟಿದ್ದ. ಅಂಗೈ ಚರ್ಮ ಬಿಗಿದುಕೊಂಡು ಬೆರಳುಗಳು ಪೂರ್ತಿ ಬಿಚ್ಚುತ್ತಿರಲಿಲ್ಲ. ನನ್ನನ್ನು ಕಂಡು ಕಸಬರಿಗೆ ಗೋಡೆಗೆ ಆನಿಸಿ ಕೈಮುಗಿದ. ಅದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ತೋಳು, ಅಳತೆ, ಪುಸ್ತಕದ ನಿಯಮ, ಅವನು ಹೇಳಿದ್ದನ್ನು ನಾನು ವರದಿಯಲ್ಲಿ ಬಿಟ್ಟದ್ದು.

ಅವನು ತನ್ನ ಅಂಗೈ ನೋಡಿಕೊಂಡ. ಆಮೇಲೆ ಕೇಳಿದ. “ಅಂದ್ರ ನಾ ಗ್ರೀಸ್ ಹಚ್ಚಲಿಲ್ಲಂದ್ರೂ ಅದು ಹಿಡೀತಿತ್ತೇನ್ರಿ?”

“ಹಿಡೀತಿತ್ತು. ಈ ವರ್ಷ ಗ್ರೀಸ್ ಇಲ್ಲದೇನೆ ಹಿಡೀತು.”

“ಇಷ್ಟ ದಿನ ನಾನಾ ಮಾಡ್ದೆ ಅಂತ ತಿಳಕೊಂಡಿದ್ದೆ ನಾ,” ಎಂದ. ಧ್ವನಿ ಏರಿಸಲಿಲ್ಲ. “ನೀವು ಸುಮ್ಮ ಕುಂತಿದ್ದು ನೋಡಿ, ನಾ ಹೇಳಿದ್ದು ಖರೇ ಇರಲಿಕ್ಕಿಲ್ಲ, ದೊಡ್ಡವ್ರಿಗಿ ಗೊತ್ತಿರ್ತದ ಅಂದ್ಕೊಂಡೆ. ನನ್ನ ಹೆಂಡ್ತಿಗೂ ಹಂಗ ಹೇಳ್ದೆ. ನಾನಾ ಅವನ ಕಣ್ಣ ಕಳದೀನಿ ಅಂತ ಹೇಳ್ದೆ. ಆಕಿ ಹಂಗ ತಿಳಕೊಂಡಾ ಸತ್ತಳ್ರಿ.”

ಜೇಬಿನಿಂದ ಕಾಗದ ತೆಗೆದೆ. ಅವನು ತೆಗೆದುಕೊಳ್ಳಲಿಲ್ಲ.

“ನನಗ ಯಾಕ ಕೊಡಾಕತ್ತೀರಿ? ಓದಾಕ ಬರೋದು ನನ್ನ ಮಗಳಿಗಿ. ಆಕಿಗಿ ಹೋಗಿ ಹೇಳ್ರಿ.”

ನನ್ನ ಜೊತೆ ಬಾ ಎಂದೆ. “ನಾ ಬರಂಗಿಲ್ರಿ. ನನ್ನ ನೋಡಿದ್ರ ಬಾಗಲಾ ಹಾಕ್ತಾಳ,” ಎಂದು ಕಸಬರಿಗೆ ಎತ್ತಿಕೊಂಡ.

ಮರುದಿನ ಕಲಬುರಗಿಯಿಂದ ಹೊರಟು, ಕಡಗಂಚಿ ದಾಟಿ, ಕಿಣ್ಣಿ ಸುಲ್ತಾನ ಮುಟ್ಟಿದಾಗ ಬಿಸಿಲು ಏರಿತ್ತು. ನೀಲಮ್ಮ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಅಣವೀರಪ್ಪ ಕಟ್ಟೆಯ ಮೇಲೆ ಕುಳಿತಿದ್ದ. ಎಡಗಡೆಯ ಕೆನ್ನೆ ಕುತ್ತಿಗೆಯವರೆಗೂ ಮಡಿಕೆ ಮಡಿಕೆಯಾಗಿತ್ತು. ನಾನು ನಮಸ್ಕಾರ ಎಂದ ಕೂಡಲೇ ಅವನು ಮುಖ ತಿರುಗಿಸಿ, “ಹಿರೇಮಠ ಸಾಹೇಬ್ರೇನ್ರಿ? ಬರ್ರಿ, ಕುಂದರ್ರಿ,” ಎಂದ.

ಕೂರಲಿಲ್ಲ. ಕಾಗದವನ್ನು ನೀಲಮ್ಮನ ಕೈಗೆ ಕೊಟ್ಟೆ. ಅವಳು ಮೊರದಲ್ಲಿದ್ದ ತೊಗರಿಯನ್ನು ಕೆಳಗಿಟ್ಟು, ಎರಡೂ ಪುಟಗಳನ್ನು ಗಟ್ಟಿಯಾಗಿ ಓದಿದಳು. ಅವಳಿಗೆ ತಿಳಿಯದ ಶಬ್ದ ಬಂದಲ್ಲೆಲ್ಲ ಅಣವೀರಪ್ಪ ಬಿಡಿಸಿ ಹೇಳಿದ. ಸಿಲಿಂಡರ್ ಅಂದರೆ ಏನು, ತೋಳು ಎಲ್ಲಿತ್ತು, ಎಲ್ಲ ಅವನಿಗೆ ನೆನಪಿತ್ತು. ಓದಿ ಮುಗಿದ ಮೇಲೆ ಅವನು ಹೇಳಿದ. “ನಾ ಈಕಿಗಿ ಮೊದಲಿಂದ ಹೇಳ್ತಿದ್ದೆ. ಮಾವ ನನ್ನ ನಳದ ಕೆಳಗ ಹಿಡದಿದ್ದ, ಅವನ ಕೈ ಸುಡಾಕತ್ತಿತ್ತು, ಆದ್ರೂ ಬಿಡಲಿಲ್ಲ ಅಂತ. ಈಕಿ ಕೇಳಲಿಲ್ಲ. ಹಾಳ್ಯಾಗ ಬರದಾರ, ಹಾಳ್ಯಾಗ ಬರದಾರ ಅಂತಿದ್ಳು.”

ನೀಲಮ್ಮ ಕಾಗದವನ್ನು ಮಡಚಿದಳು. ಅಳಲಿಲ್ಲ. ನನ್ನನ್ನು ನೇರವಾಗಿ ನೋಡಿ ಮಾತಾಡಿದಳು.

“ನಮ್ಮವ್ವ ಸತ್ತಾಗ ಊರಿಂದ ಇಬ್ಬರು ಬಂದಿದ್ರು ಕರೀಲಾಕ. ಅಪ್ಪ ಅದಾನ, ನಾ ಬರಂಗಿಲ್ಲ ಅಂದೆ. ಇಲ್ಲೇ, ಈ ಕಟ್ಟಿ ಮ್ಯಾಲೆ ಕುಂತಿದ್ದೆ. ನೀವು ಒಂದ್ ಹಾಳಿ ಬರದಿದ್ರಿ, ಈಗ ಇನ್ನೊಂದ್ ಹಾಳಿ ಬರದೀರಿ. ನಮ್ಮವ್ವನ ಮಣ್ಣಿಗಿ ನಾ ಹೋಗಿಲ್ಲಲ್ರಿ, ಅದನ್ನ ಯಾವ ಹಾಳ್ಯಾಗ ಬರೀತೀರಿ?”

ನಾನು ತಲೆ ತಗ್ಗಿಸಿ ನಿಂತಿದ್ದೆ. ಅವಳೇ, “ಜೇವರ್ಗ್ಯಾಗ ಯಾವ ಮಿಲ್ರಿ?” ಎಂದು ಕೇಳಿದಳು. ಹೇಳಿದೆ. ನನ್ನ ಕಾರು ಇದೆ, ಇಬ್ಬರನ್ನೂ ಕರೆದುಕೊಂಡು ಹೋಗುತ್ತೇನೆ ಎಂದೆ.

“ನಿಮ್ಮ ಗಾಡ್ಯಾಗ ಬ್ಯಾಡ್ರಿ,” ಎಂದಳು.

ಒಳಗೆ ಹೋಗಿ ಸೀರೆ ಬದಲಿಸಿ, ಒಂದು ಬಟ್ಟೆಯಲ್ಲಿ ನಾಲ್ಕು ರೊಟ್ಟಿ ಕಟ್ಟಿಕೊಂಡು ಬಂದಳು. ಅಣವೀರಪ್ಪ ಎದ್ದು ಅವಳ ಹೆಗಲ ಮೇಲೆ ಕೈಯಿಟ್ಟ. ಇಬ್ಬರೂ ರಸ್ತೆಗೆ ಹೋಗಿ ನಿಂತರು. ಬಸ್ಸು ಬರುವವರೆಗೆ ನಾನು ದೂರದಲ್ಲಿ ಕಾರಿನ ಪಕ್ಕ ನಿಂತಿದ್ದೆ. ಅವಳು ಒಮ್ಮೆಯೂ ನನ್ನ ಕಡೆ ತಿರುಗಲಿಲ್ಲ.

ಸಿದ್ರಾಮಪ್ಪನ ಮೇಲಿನ ಆರೋಪ ಆಮೇಲೆ ರದ್ದಾಯಿತು. ಕೆಲಸಕ್ಕೆ ಬಾ ಎಂದು ಕಾರ್ಖಾನೆ ಪತ್ರ ಕಳಿಸಿತು, ಅವನು ಬರಲಿಲ್ಲ. ಅಣವೀರಪ್ಪನಿಗೆ ಬಲಗಣ್ಣಿನ ಮಸುಕು ಬೆಳಕೂ ಎರಡು ವರ್ಷಕ್ಕೆ ಹೋಯಿತೆಂದು ಕೇಳಿದೆ. ನನಗೆ ಒಂದು ಎಚ್ಚರಿಕೆ ಪತ್ರ ಕೊಟ್ಟು ಉಗ್ರಾಣ ವಿಭಾಗಕ್ಕೆ ಹಾಕಿದರು. ಉಳಿದ ಅವಧಿಯನ್ನು ಅಲ್ಲಿ ಕಳೆದು ಮನೆಗೆ ಬಂದೆ.

ಕಿರಿಯ ಎಂಜಿನಿಯರುಗಳು ಈಗಲೂ ಆಗಾಗ ಫೋನ್ ಮಾಡಿ ಸಲಹೆ ಕೇಳುತ್ತಾರೆ. ಬೇರಿಂಗಿನ ಬಗ್ಗೆ ಕೇಳಿದರೆ ಬೇರಿಂಗಿನದು ಹೇಳುತ್ತೇನೆ. ಕೇಳದಿದ್ದರೂ ಎರಡು ಮಾತು ಸೇರಿಸುತ್ತೇನೆ. ಯಂತ್ರದ ನಕ್ಷೆ ಮಾಡಿದವನು ಅದೇ ಯಂತ್ರದ ಅವಘಡದ ತನಿಖೆಗೆ ಕೂರಬಾರದು. ಎಷ್ಟೇ ಪ್ರಾಮಾಣಿಕನಾಗಿದ್ದರೂ ಅವನ ಕಣ್ಣು ತನ್ನ ಗೆರೆಗಳನ್ನು ಬಿಟ್ಟು ಉಳಿದೆಲ್ಲ ಕಡೆ ಹುಡುಕುತ್ತದೆ. ಇನ್ನೊಂದು, ಯಂತ್ರದ ಹತ್ತಿರ ನಿಲ್ಲುವ ಮನುಷ್ಯ ಏನಾದರೂ ಹೇಳಿದರೆ, ಅವನ ಮಾತಿನಲ್ಲೇ, ಅವನೆದುರಿಗೇ, ಅದೇ ಗಳಿಗೆಯಲ್ಲಿ ಬರೆದುಕೊಳ್ಳಬೇಕು. ಬರೆದುಕೊಂಡ ಮೇಲೆ ಹೋಗಿ ನೋಡಬೇಕು. ಮೂವತ್ತೈದು ವರ್ಷ ದುಡಿದು ನಾನು ಕಲಿತದ್ದು ಇಷ್ಟೇ. ಇದನ್ನು ಕಲಿತದ್ದಕ್ಕೆ ಬೆಲೆ ತೆತ್ತವರು ಬೇರೆಯವರು.